ಬಾಯಿ ಮುಚ್ಚಿಸುವ ಹಣ ಲಂಚವಲ್ಲ, ಪರಿಹಾರವೂ ಅಲ್ಲ

ಕನ್ನಡ ಪತ್ರಿಕೆ, ವಾಹಿನಿ, ಸುದ್ದಿತಾಣಗಳ ಸಂಪಾದಕರಿಗೆ, ಉಪಸಂಪಾದಕರಿಗೆ, ಜಿಲ್ಲಾ ವರದಿಗಾರರಿಗೆ,

ನಮಸ್ಕಾರ.

2024ರ ಮೇ 30ರಂದು ನ್ಯೂಯಾರ್ಕಿನ ಜ್ಯೂರಿ ಡೊನಾಲ್ಡ್ ಟ್ರಂಪ್ ಅವರನ್ನು 34 ಆರೋಪಗಳಲ್ಲೂ ದೋಷಿ ಎಂದಿತು. ಟ್ರಂಪ್ ಜೊತೆ ಸಂಬಂಧವಿತ್ತು ಎಂದ ನಟಿಯೊಬ್ಬರು ಅದನ್ನು ಹೊರಗೆ ಹೇಳದಿರಲೆಂದು ಹಣ ಕೊಟ್ಟದ್ದು ಅದರ ಹಿನ್ನೆಲೆ. ಇಂಗ್ಲಿಷಿನವರು ಅದನ್ನು 'ಹಷ್ ಮನಿ', ಅಂದರೆ ಬಾಯಿ ಮುಚ್ಚಿಸುವ ಹಣದ, ಪ್ರಕರಣ ಎಂದು ಕರೆದರು. ಆ ಪದ ಕನ್ನಡಕ್ಕೆ ಬರುವಾಗ ಒಂದು ಕಡೆ 'ಲಂಚ'ವಾಗುತ್ತದೆ, ಇನ್ನೊಂದು ಕಡೆ 'ರಹಸ್ಯ ಪಾವತಿ'ಯಾಗುತ್ತದೆ, ಮತ್ತೊಂದು ಕಡೆ ಹಾಗೇ 'ಹಷ್ ಮನಿ' ಎಂದು ಉಳಿದುಬಿಡುತ್ತದೆ. ಓದಿದವರ ತಲೆಯಲ್ಲಿ ಕೊನೆಗೆ ನಿಲ್ಲುವುದು ಒಂದೇ ಚಿತ್ರ: ನಟಿಗೆ ಲಂಚ ಕೊಟ್ಟದ್ದಕ್ಕೆ ಕೇಸಾಯಿತು. ಇದು ಎರಡು ಸಲ ತಪ್ಪು. ನಟಿ ಯಾವ ಸರ್ಕಾರಿ ಹುದ್ದೆಯಲ್ಲೂ ಇರಲಿಲ್ಲ, ಹಾಗಾಗಿ ಅದು ಲಂಚವಲ್ಲ. ಆ ಆರೋಪಪಟ್ಟಿಯ ಪ್ರಕಾರ ಹಣ ಕೊಟ್ಟದ್ದೇ ಅಪರಾಧವೂ ಅಲ್ಲ.

ಅಮೆರಿಕದ ಸುದ್ದಿ ಒಂದೇ ಆಗಿದ್ದರೆ ನಾವು ಈ ಪತ್ರ ಬರೆಯುತ್ತಿರಲಿಲ್ಲ. ಅದೇ ಗೊಂದಲ ನಮ್ಮೂರಿನ ವರದಿಗಳಲ್ಲೂ ಇದೆ, ಇಲ್ಲಿ ಅದರಿಂದಾಗುವ ಹಾನಿ ದೊಡ್ಡದು. ಮ್ಯಾನ್‌ಹೋಲಿಗಿಳಿದು ಸತ್ತವನ ಮನೆಗೆ ಗುತ್ತಿಗೆದಾರ ರಾತ್ರೋರಾತ್ರಿ ಕಳಿಸಿದ ಹಣಕ್ಕೆ ನಾವು 'ಪರಿಹಾರ' ಎಂದು ಬರೆಯುತ್ತೇವೆ. ಊರಿನ ಹಿರಿಯರು ಕೂತು ಹುಡುಗಿಯ ತಂದೆಗೆ ಕೊಡಿಸಿದ ಹಣಕ್ಕೆ 'ರಾಜಿ' ಎಂದು ಬರೆಯುತ್ತೇವೆ. ಎರಡೂ ಕೊಟ್ಟವನಿಗೆ ಒಪ್ಪುವ ಪದಗಳು.

ಮೊದಲು ಪದದ ಮಾತು. ಇಂಗ್ಲಿಷಿನಲ್ಲಿ 'ಹಷ್ ಮನಿ' 18ನೇ ಶತಮಾನದ ಆರಂಭದಿಂದಲೂ ಬಳಕೆಯಲ್ಲಿದೆ. ಜರ್ಮನರ 'ಶ್ವೈಗೆಗೆಲ್ಡ್' ಎಂದರೆ ಸುಮ್ಮನಿರುವುದಕ್ಕೆ ಹಣ. ಜಪಾನೀಯರ 'ಕುಚಿದೊಮೆರ್ಯೋ' ಎಂದರೆ ಬಾಯಿ ತಡೆಯುವ ಶುಲ್ಕ. ಚೀನೀಯರ 'ಫೆಂಗ್‌ಕೌ ಫೇ' ಎಂದರೆ ಬಾಯಿಗೆ ಮೊಹರೊತ್ತುವ ಶುಲ್ಕ. ಈ ಎಲ್ಲ ಭಾಷೆಗಳೂ ನೋಡುತ್ತಿರುವುದು ಬಾಯಿಯನ್ನು, ಇಲ್ಲವೇ ಮಾತು ನಿಲ್ಲುವುದನ್ನು. ಕನ್ನಡಕ್ಕೂ ಅದು ಸಹಜ. 'ಅವನ ಬಾಯಿ ಮುಚ್ಚಿಸಿದರು' ಎಂದರೆ ಯಾರೂ ಅರ್ಥ ಕೇಳುವುದಿಲ್ಲ. 'ಬಾಯಿ ಮುಚ್ಚಿಸುವ ಹಣ' ಎಂಬುದರಲ್ಲಿ ನಮಗೆ ಮುಖ್ಯವಾಗಿ ಕಾಣುವುದು ಆ 'ಇಸು' ಪ್ರತ್ಯಯ. ಮುಚ್ಚುವವರು ಒಬ್ಬರು, ಮುಚ್ಚಿಸುವವರು ಇನ್ನೊಬ್ಬರು. ತೆರೆಯ ಹಿಂದೆ ಒಬ್ಬರು ಇದ್ದಾರೆ ಎಂಬುದನ್ನು ನಮ್ಮ ವ್ಯಾಕರಣವೇ ಹೇಳಿಬಿಡುತ್ತದೆ.

'ಮೌನಧನ', 'ಮೌನಶುಲ್ಕ' ಎಂಬ ಸಂಸ್ಕೃತ ಜೋಡಣೆಗಳು ಬೇಡ. ಮೌನ ಕನ್ನಡದಲ್ಲಿ ಗೌರವದ ಪದ, ವ್ರತದ ಪದ. ಒತ್ತಾಯ ಅದರಲ್ಲಿ ಕೇಳಿಸುವುದಿಲ್ಲ. 'ರಹಸ್ಯ ಪಾವತಿ', 'ಗುಪ್ತ ಹಣ' ಎಂಬವು ಅರ್ಥವನ್ನೇ ತಿರುಚುತ್ತವೆ. ಇಲ್ಲಿ ಗುಟ್ಟಾಗಿರುವುದು ಹಣವಲ್ಲ. ಗುಟ್ಟು ಇಲ್ಲಿ ಕೊಂಡುಕೊಂಡ ಸರಕು. ಹಣ ಚೆಕ್ಕಿನಲ್ಲೇ ಹೋಗಿರಬಹುದು, ರಸೀದಿಯೂ ಇರಬಹುದು. 'ಮುಚ್ಚುಹಣ' ಚಿಕ್ಕದೇನೋ ಹೌದು, ಆದರೆ 'ಬಾಯಿ' ಎಂಬ ಪದ ಬಿಟ್ಟುಹೋದರೆ ಓದುಗರು ಅದನ್ನು ಕಪ್ಪುಹಣ ಎಂದುಕೊಳ್ಳುತ್ತಾರೆ. ತಲೆಬರಹದಲ್ಲಿ ಜಾಗವಿಲ್ಲದಿದ್ದರೆ 'ಬಾಯಿಮುಚ್ಚು ಹಣ' ಎಂದು ಬರೆಯಿರಿ. ಸಿಡಿಮದ್ದು, ಸುಡುಗಾಡು, ಕಡೆಗೋಲು ಹುಟ್ಟಿದ ದಾರಿಯಲ್ಲೇ ಇದೂ ಹುಟ್ಟುತ್ತದೆ. 'ಬಾಯಿಮುಚ್ಚು' ಎಂದಾಗ ಕೇಳಿಸುವ ಅಪ್ಪಣೆಯ ದನಿಯೂ ಅಲ್ಲಿ ಸರಿಯಾಗಿಯೇ ಕೂರುತ್ತದೆ. 'ಮುಚ್ಚಳಿಕೆ' ಎಂಬ ಪದದತ್ತ ಮಾತ್ರ ಹೋಗಬೇಡಿ. ಅದು ಹಿಂದಿಯ 'ಮುಚಲ್ಕಾ' ಇದ್ದ ಬಳಗದ್ದು. ಠಾಣೆಯಲ್ಲಿ ಬರೆಸಿಕೊಳ್ಳುವ ಕರಾರುಪತ್ರ ಅದು, ಬಾಯಿ ಮುಚ್ಚುವುದಕ್ಕೂ ಅದಕ್ಕೂ ನಂಟಿಲ್ಲ.

ಈಗ ಇದರ ನೆರೆಹೊರೆ. ಲಂಚ ಎಂದರೆ ಸಾರ್ವಜನಿಕ ಸೇವಕ ತನ್ನ ಕೆಲಸವನ್ನು ಮಾಡಲು, ಬಿಡಲು, ತಿರುಚಲು ಪಡೆಯುವ ಹಣ. ಭ್ರಷ್ಟಾಚಾರ ತಡೆ ಕಾಯ್ದೆ, 1988ರ 7ನೇ ಕಲಂ ಅದಕ್ಕೆ ಕನಿಷ್ಠ 3, ಗರಿಷ್ಠ 7 ವರ್ಷ ಸಜೆ ಹೇಳುತ್ತದೆ. 2018ರ ತಿದ್ದುಪಡಿಯ ನಂತರ ಕೊಟ್ಟವರೂ 8ನೇ ಕಲಂ ಕೆಳಗೆ ಬರುತ್ತಾರೆ. ಬಲವಂತಕ್ಕೆ ಕೊಟ್ಟವರು 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ಮಾತ್ರ ವಿನಾಯಿತಿ. ಆದ್ದರಿಂದ ಕಾರ್ಖಾನೆಯ ದೋಷ ಕಂಡ ಇನ್‌ಸ್ಪೆಕ್ಟರ್ ಹಣ ಪಡೆದು ವರದಿ ಬರೆಯದೆ ಬಿಟ್ಟರೆ, ಅದು ಬಾಯಿ ಮುಚ್ಚಿಸಿದ್ದೇ ಆದರೂ 'ಲಂಚ' ಎಂದೇ ಬರೆಯಿರಿ. ಗಟ್ಟಿಯಾದ ಪದ ಇರುವಾಗ ಮೆತ್ತನೆಯದನ್ನು ಹುಡುಕುವುದು ಬೇಡ. ತಿಂಗಳಿಗೊಮ್ಮೆ ಹೋಗುವ 'ಮಾಮೂಲು' ಕೂಡ ಲಂಚವೇ.

ಸುಲಿಗೆಯದು ಬೇರೆ ದಿಕ್ಕು. 'ಹಣ ಕೊಡು, ಇಲ್ಲವಾದರೆ ಹೇಳಿಬಿಡುತ್ತೇನೆ' ಎಂದು ಬೆದರಿಸಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಂ, 7 ವರ್ಷದವರೆಗೆ ಸಜೆ. 'ಹಣ ತಗೋ, ಸುಮ್ಮನಿರು' ಎಂದು ಇನ್ನೊಂದು ಕಡೆಯವರೇ ಬಂದರೆ ಅದು ಬಾಯಿಮುಚ್ಚು ಹಣ. ಹಣ ಒಂದೇ, ಮೊತ್ತವೂ ಒಂದೇ ಇರಬಹುದು. ಹಣದ ಮಾತು ಮೊದಲು ಎತ್ತಿದವರು ಯಾರು ಎಂಬುದೇ ವ್ಯತ್ಯಾಸ. ಈ ಒಂದು ಪ್ರಶ್ನೆ ಕೇಳದೆ ಬರೆದ ವರದಿಯಲ್ಲಿ ನೊಂದ ಹೆಣ್ಣು ಸುಲಿಗೆಗಾರ್ತಿಯಾಗಿಬಿಡುತ್ತಾಳೆ. 'ಲಂಚ ಪಡೆದಳು' ಎಂದು ಬರೆದರೆ ಭ್ರಷ್ಟಳೂ ಆಗುತ್ತಾಳೆ. ಇಂಥ ಸುದ್ದಿಗಳಲ್ಲಿ ಕ್ರಿಯಾಪದ ಕೊಟ್ಟವರ ಕಡೆಗಿರಲಿ. 'ಆಕೆ ಹಣ ಪಡೆದಳು' ಎನ್ನುವ ಬದಲು 'ಆತ ಹಣ ಕೊಟ್ಟು ಆಕೆಯ ಬಾಯಿ ಮುಚ್ಚಿಸಿದ ಆರೋಪ' ಎನ್ನಿ.

ಬಾಯಿಮುಚ್ಚು ಹಣ ಯಾವಾಗ ಅಪರಾಧ? ಅದು ಮುಚ್ಚಿಡುತ್ತಿರುವುದು ಏನನ್ನು ಎಂಬುದರ ಮೇಲೆ ನಿಂತಿದೆ. ಮುಚ್ಚಿದ್ದು ಕೇವಲ ಖಾಸಗಿ ಸಂಗತಿಯಾದರೆ, ಹೇಳುವುದಿಲ್ಲ ಎಂಬ ಒಪ್ಪಂದವೊಂದೇ ಸಾಮಾನ್ಯವಾಗಿ ಅಪರಾಧವಾಗದು. ಮುಚ್ಚಿದ್ದು ಅಪರಾಧವಾದರೆ ಮಾತು ಬೇರೆ. ಅಪರಾಧವನ್ನು ಬಚ್ಚಿಡಲು, ಅಪರಾಧಿಯನ್ನು ಕಾಪಾಡಲು, ದೂರು ಕೊಡದಿರಲು ಹಣ ಪಡೆಯುವುದು ನ್ಯಾಯ ಸಂಹಿತೆಯ 250ನೇ ಕಲಂ, ಕೊಡುವುದು 251. ಹಳೆಯ ದಂಡ ಸಂಹಿತೆಯಲ್ಲಿ ಇವು 213 ಮತ್ತು 214 ಆಗಿದ್ದವು. ಮೂಲ ಅಪರಾಧಕ್ಕೆ ಮರಣದಂಡನೆ ಇದ್ದರೆ ಬಾಯಿ ಮುಚ್ಚಿಸಿದವನಿಗೆ 7 ವರ್ಷದವರೆಗೆ, ಜೀವಾವಧಿ ಅಥವಾ 10 ವರ್ಷದ ಸಜೆ ಇದ್ದರೆ 3 ವರ್ಷದವರೆಗೆ, 10ಕ್ಕಿಂತ ಕಡಿಮೆ ಇದ್ದರೆ ಆ ಅಪರಾಧದ ಗರಿಷ್ಠ ಸಜೆಯ ಕಾಲು ಭಾಗದವರೆಗೆ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದರೆ 106ನೇ ಕಲಂನಲ್ಲಿ 5 ವರ್ಷ. ಅದನ್ನು ಮುಚ್ಚಿಸಲು ಹಣ ಕೊಟ್ಟವನಿಗೆ ಅದರ ಕಾಲು ಭಾಗ, ಅಂದರೆ 1 ವರ್ಷ 3 ತಿಂಗಳವರೆಗೆ.

251ರ ಕೊನೆಯಲ್ಲಿ ಒಂದು ವಿನಾಯಿತಿ ಇದೆ. ಕಾನೂನೇ ರಾಜಿಗೆ ಬಿಟ್ಟುಕೊಟ್ಟ ಅಪರಾಧಗಳಿಗೆ ಈ ಎರಡು ಕಲಂಗಳು ತಗಲುವುದಿಲ್ಲ. ಯಾವ ಅಪರಾಧವನ್ನು ರಾಜಿ ಮಾಡಿಕೊಳ್ಳಬಹುದು, ಯಾರು ಮಾಡಿಕೊಳ್ಳಬಹುದು, ಯಾವುದಕ್ಕೆ ನ್ಯಾಯಾಲಯದ ಅನುಮತಿ ಬೇಕು ಎಂಬ ಪಟ್ಟಿ, ಅಪರಾಧ ಪ್ರಕರಣಗಳು ನಡೆಯಬೇಕಾದ ಕ್ರಮ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ 359ನೇ ಕಲಂನಲ್ಲಿದೆ. ಸಣ್ಣ ಹೊಡೆದಾಟ, ಮಾನನಷ್ಟದಂಥವು ಅಲ್ಲಿವೆ. ಅತ್ಯಾಚಾರ, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆ) ಪ್ರಕರಣ, ನಿರ್ಲಕ್ಷ್ಯದ ಸಾವು ಅಲ್ಲಿ ಇಲ್ಲ. 'ರಾಜಿ' ಎಂಬ ಪದ ಬರೆಯುವ ಮೊದಲು ಆ ಪಟ್ಟಿ ತೆರೆದು ನೋಡಿ. ಅದರಲ್ಲಿದ್ದರೆ ರಾಜಿ. ಇಲ್ಲದಿದ್ದರೆ, ಜಗಲಿಯ ಮೇಲೆ ಎಷ್ಟೇ ಹಿರಿಯರು ಕೂತಿದ್ದರೂ ಅದು ರಾಜಿಯಲ್ಲ. ರಾಜಸ್ಥಾನದ ಶಿಕ್ಷಕನೊಬ್ಬನ ಮೇಲಿದ್ದ ಪೋಕ್ಸೊ ಪ್ರಕರಣವನ್ನು, ಹುಡುಗಿಯ ತಂದೆಯ ಜೊತೆ ರಾಜಿಯಾಗಿದೆ ಎಂಬ ಕಾರಣಕ್ಕೆ ಹೈಕೋರ್ಟ್ ರದ್ದು ಮಾಡಿತ್ತು. ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಆ ಆದೇಶವನ್ನೇ ತಳ್ಳಿಹಾಕಿ ವಿಚಾರಣೆ ಮುಂದುವರಿಯಲಿ ಎಂದಿತು. ಮಗುವಿನ ಮೇಲಿನ ದೌರ್ಜನ್ಯ ಗೊತ್ತಿದ್ದೂ ತಿಳಿಸದಿರುವುದು ಪೋಕ್ಸೊದ 21ನೇ ಕಲಂ ಪ್ರಕಾರ ಪ್ರತ್ಯೇಕ ಅಪರಾಧ. ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ 1 ವರ್ಷದವರೆಗೆ ಸಜೆ. 'ಶಾಲೆಯ ಮಾನ ಉಳಿಸಲು ಮಾತುಕತೆ ನಡೆಸಿದರು' ಎಂದು ಬರೆಯುವಾಗ ನಾವು ದಾಖಲಿಸುತ್ತಿರುವುದು ಒಂದು ಅಪರಾಧವನ್ನು.

ಕಚೇರಿಗಳಲ್ಲಿನ ಲೈಂಗಿಕ ಕಿರುಕುಳದ ಕಾಯ್ದೆ ಇನ್ನೂ ನೇರ. 2013ರ ಆ ಕಾಯ್ದೆಯ 10ನೇ ಕಲಂ, ಮಹಿಳೆ ತಾನೇ ಬಯಸಿದರೆ ವಿಚಾರಣೆಗೆ ಮುಂಚೆ ಸಂಧಾನಕ್ಕೆ ಅವಕಾಶ ಕೊಡುತ್ತದೆ. ಆದರೆ ಆ ಸಂಧಾನಕ್ಕೆ ಹಣ ಆಧಾರವಾಗಕೂಡದು ಎಂದು ಅಲ್ಲೇ ಹೇಳುತ್ತದೆ. ವಿಚಾರಣೆ ನಡೆದು, ಕಿರುಕುಳ ಸಾಬೀತಾಗಿ, ಆಂತರಿಕ ಸಮಿತಿ 15ನೇ ಕಲಂ ಪ್ರಕಾರ ಲೆಕ್ಕ ಹಾಕಿ ಶಿಫಾರಸು ಮಾಡಿದ ಹಣ ಪರಿಹಾರ. ವಿಚಾರಣೆಯೇ ಬೇಡವೆಂದು ಆಡಳಿತ ವರ್ಗ ಮುಂದಿಟ್ಟ ಲಕೋಟೆಯಲ್ಲಿರುವುದು ಬಾಯಿಮುಚ್ಚು ಹಣ. ಒಂದೇ ಕಚೇರಿ, ಒಂದೇ ಮೊತ್ತ. ಹಣ ವಿಚಾರಣೆಗೆ ಮೊದಲು ಬಂತೋ ನಂತರ ಬಂತೋ ಎಂಬುದು ಅದರ ಹೆಸರನ್ನು ಬದಲಿಸುತ್ತದೆ.

ನಮಗೆ ಎಲ್ಲಕ್ಕಿಂತ ಹೆಚ್ಚು ನೋವು ತರುವುದು ಮ್ಯಾನ್‌ಹೋಲ್ ಸಾವಿನ ವರದಿಗಳು. ಯಂತ್ರ, ರಕ್ಷಣಾ ಸಾಧನಗಳಿಲ್ಲದೆ ಮನುಷ್ಯನನ್ನು ಒಳಚರಂಡಿಗೋ ಶೌಚಗುಂಡಿಗೋ ಇಳಿಸುವುದು 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆಯ 7ನೇ ಕಲಂ ಪ್ರಕಾರ ನಿಷಿದ್ಧ. ಮೊದಲ ಸಲಕ್ಕೆ 2 ವರ್ಷದವರೆಗೆ ಸಜೆ, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸತ್ತರೆ ಕುಟುಂಬಕ್ಕೆ 10 ಲಕ್ಷ ರೂಪಾಯಿ ಎಂದು ಸುಪ್ರೀಂ ಕೋರ್ಟ್ 2014ರ ಮಾರ್ಚಿನಲ್ಲಿ ಹೇಳಿತ್ತು. 2023ರ ಅಕ್ಟೋಬರ್ 20ರ ತೀರ್ಪಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಶಾಶ್ವತ ಅಂಗವೈಕಲ್ಯವಾಗಿ ದುಡಿಮೆಗೇ ದಾರಿಯಿಲ್ಲದಾದರೆ ಕನಿಷ್ಠ 20 ಲಕ್ಷ. ಇದು ಪರಿಹಾರ. ಇದಕ್ಕೆ ಯಾರೂ ಸುಮ್ಮನಿರಬೇಕಿಲ್ಲ, ದೂರು ಹಿಂತೆಗೆಯಬೇಕಿಲ್ಲ, ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಕಿಲ್ಲ.

ಬಾಯಿಮುಚ್ಚು ಹಣ ಈ 30 ಲಕ್ಷವನ್ನು ಹೇಗೆ ನುಂಗುತ್ತದೆ ನೋಡಿ. ಗುತ್ತಿಗೆದಾರನ ಕಡೆಯವರು ಮೊದಲ ಕೆಲವು ಗಂಟೆಗಳಲ್ಲೇ ಬರುತ್ತಾರೆ, ಹೆಣ ಮಣ್ಣಾಗುವ ಮುಂಚೆ. ಕೈಗೊಂದಿಷ್ಟು ನಗದು, ಅಂತ್ಯಕ್ರಿಯೆಯ ಖರ್ಚು, ಜೊತೆಗೆ 'ಕಾಲು ಜಾರಿ ಬಿದ್ದ' ಎಂಬ ಹೇಳಿಕೆ. ಆ ಹೇಳಿಕೆಯಿಂದ ಪ್ರಕರಣ ಎಫ್‌ಐಆರ್ ಆಗದೆ ಅಸಹಜ ಸಾವಿನ ವರದಿಯಾಗಿ, ಠಾಣೆಯ ಮಾತಿನಲ್ಲಿ ಯುಡಿಆರ್ ಆಗಿ, ನಿಂತುಹೋಗಬಹುದು. ಶವಪರೀಕ್ಷೆಯೇ ಆಗದಿದ್ದರೆ ಉಸಿರುಗಟ್ಟಿ ಸತ್ತ ಎಂಬುದಕ್ಕೆ ವೈದ್ಯಕೀಯ ಪುರಾವೆ ಇರುವುದಿಲ್ಲ. ಗುಂಡಿಗೆ ಇಳಿಸಿದ್ದಕ್ಕೆ ದಾಖಲೆ ಇಲ್ಲ, ವಿಷಾನಿಲಕ್ಕೂ ದಾಖಲೆ ಇಲ್ಲ. ಆಮೇಲೆ ಕುಟುಂಬ 30 ಲಕ್ಷ ಕೇಳಿಕೊಂಡು ಹೋದರೆ ಮೊದಲ ಪ್ರಶ್ನೆಯೇ 'ಎಫ್‌ಐಆರ್ ಎಲ್ಲಿ' ಎಂದು. ಒಂದೆರಡು ಲಕ್ಷ ಕೊಟ್ಟು ಕೊಂಡುಕೊಂಡಿದ್ದು ಈ ಕಾಗದಗಳ ಇಲ್ಲದಿರುವಿಕೆಯನ್ನು. ಅದರ ಮೇಲೆ ನಾವು 'ಗುತ್ತಿಗೆದಾರರಿಂದ ಕುಟುಂಬಕ್ಕೆ ಪರಿಹಾರ' ಎಂದು ಅಚ್ಚು ಮಾಡಿದರೆ, ಕುಟುಂಬಕ್ಕೆ ಸಿಗಬೇಕಾದದ್ದು ಸಿಕ್ಕಾಯಿತು ಎಂದು ಊರೆಲ್ಲ ಓದುತ್ತದೆ.

ಮಾಲೀಕ ನೇರವಾಗಿ ಕೈಗಿಟ್ಟ ಹಣವನ್ನು ಕಾನೂನು ಶುರುವಿನಿಂದಲೂ ನಂಬಿಲ್ಲ. 1923ರ ಕಾರ್ಮಿಕ ಪರಿಹಾರ ಕಾಯ್ದೆಯ 8ನೇ ಕಲಂ ಪ್ರಕಾರ, ಸಾವಿನ ಪರಿಹಾರವನ್ನು ಆಯುಕ್ತರ ಬಳಿಯೇ ಠೇವಣಿ ಇಡಬೇಕಿತ್ತು. ನೇರವಾಗಿ ಕೊಟ್ಟದ್ದನ್ನು ಪರಿಹಾರವೆಂದು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಶೋಕದಲ್ಲಿರುವ ಮನೆಯನ್ನು ಅಗ್ಗಕ್ಕೆ ಕೊಂಡುಕೊಳ್ಳುವುದು ಎಷ್ಟು ಸುಲಭ ಎಂದು ಆ ಕಾಯ್ದೆ ಬರೆದವರಿಗೆ ಗೊತ್ತಿತ್ತು.

ಇಂಥ ಮನೆಗಳನ್ನು ಹೆದರಿಸುವುದು 'ಇನ್ನು ಮೇಲೆ ದೂರು ಕೊಡುವುದಿಲ್ಲ' ಎಂದು ಇ-ಸ್ಟಾಂಪ್ ಕಾಗದದಲ್ಲಿ ಬರೆಸಿ, ನೋಟರಿ ಮೊಹರು ಹಾಕಿಸಿಕೊಂಡ ಕರಾರು. ಭಾರತೀಯ ಕರಾರು ಕಾಯ್ದೆ, 1872ರ 23ನೇ ಕಲಂ ಪ್ರಕಾರ ಉದ್ದೇಶವೇ ಕಾನೂನುಬಾಹಿರವಾದ ಕರಾರು ಅಸಿಂಧು. ದರೋಡೆಯ ಮೊಕದ್ದಮೆ ಕೈಬಿಡುವುದಕ್ಕೆ ಬದಲಾಗಿ ವಸ್ತುಗಳ ಬೆಲೆ ಕೊಡುವ ಒಪ್ಪಂದವನ್ನು ಆ ಕಲಂ ತಾನೇ ಉದಾಹರಣೆಯಾಗಿ ಕೊಟ್ಟು, ಅದು ನಿಲ್ಲುವುದಿಲ್ಲ ಎನ್ನುತ್ತದೆ. ಸಹಿ ಮಾಡಿದ ಮೇಲೂ, ಹಣ ಮುಟ್ಟಿದ ಮೇಲೂ ಪೊಲೀಸರಿಗೆ ದೂರು ಕೊಡಲು ಆ ಕಾಗದ ಅಡ್ಡಿಯಲ್ಲ. ಇಂಥ ಪ್ರತಿಯೊಂದು ವರದಿಯ ಕೊನೆಗೂ ಈ ಒಂದು ಮಾತು ಸೇರಿಸಿದರೆ ಅದನ್ನು ಓದಬೇಕಾದ ಮನೆಗೆ ತಲುಪಬಹುದು.

ಈಗ ನ್ಯೂಯಾರ್ಕಿಗೆ ಹಿಂತಿರುಗೋಣ. ಲೆಕ್ಕದ ಪುಸ್ತಕ ಏಕೆ ಮುಖ್ಯ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. 2016ರ ಅಕ್ಟೋಬರ್ ಕೊನೆಯಲ್ಲಿ, ಚುನಾವಣೆಗೆ ಎರಡು ವಾರವೂ ಇಲ್ಲದಾಗ, ಟ್ರಂಪ್ ಅವರ ವಕೀಲ ಮೈಕಲ್ ಕೋಹೆನ್ ಇದಕ್ಕೆಂದೇ ತೆರೆದ ಒಂದು ಕಂಪನಿಯ ಮೂಲಕ ನಟಿ ಸ್ಟಾರ್ಮಿ ಡೇನಿಯಲ್ಸ್ ಅವರ ವಕೀಲರಿಗೆ 1,30,000 ಡಾಲರ್ ಕಳಿಸಿದರು. ಒಪ್ಪಂದದಲ್ಲಿ ಟ್ರಂಪ್, ಡೇನಿಯಲ್ಸ್ ಇಬ್ಬರಿಗೂ ಸುಳ್ಳು ಹೆಸರುಗಳಿದ್ದವು. ಮರುವರ್ಷ ಅದನ್ನು ಕೋಹೆನ್‌ಗೆ ತುಂಬಿಕೊಡುವಾಗ ಹಾಕಿದ ಲೆಕ್ಕ ಹೀಗಿತ್ತು: 1,30,000ಕ್ಕೆ ಬೇರೊಂದು ಖರ್ಚಿನ 50,000 ಸೇರಿಸಿ 1,80,000. ಅದನ್ನು ಆದಾಯವೆಂದು ತೋರಿಸಿ ತೆರಿಗೆ ಕಟ್ಟಿದರೂ ಕೈಗೆ ಅಷ್ಟೇ ಉಳಿಯುವಂತೆ ಇಮ್ಮಡಿ ಮಾಡಿ 3,60,000. ಮೇಲೆ 60,000 ಬೋನಸ್. ಒಟ್ಟು 4,20,000 ಡಾಲರ್, ತಿಂಗಳಿಗೆ 35,000ದಂತೆ ಹನ್ನೆರಡು ಕಂತು. ಕೊಟ್ಟ ಸಾಲವನ್ನು ಮರಳಿ ಪಡೆದರೆ ಅದಕ್ಕೆ ಆದಾಯ ತೆರಿಗೆ ಇಲ್ಲ. ಇಮ್ಮಡಿ ಮಾಡಬೇಕಾಗಿ ಬಂದದ್ದೇ ಅದು ವಕೀಲರ ಶುಲ್ಕದ ವೇಷ ಹಾಕಿದ್ದರಿಂದ. ಪುಸ್ತಕದಲ್ಲಿ 'ಕಾನೂನು ವೆಚ್ಚ' ಎಂದು ನಮೂದಾಯಿತು. 11 ಬಿಲ್, 11 ಚೆಕ್, 12 ಲೆಡ್ಜರ್ ನಮೂದು, ಕೂಡಿದರೆ 34. ಆರೋಪಗಳು ಅಷ್ಟೇ. ಆ ಅಪರಾಧದ ಹೆಸರು 'ವ್ಯವಹಾರದ ದಾಖಲೆಗಳನ್ನು ಸುಳ್ಳಾಗಿಸಿದ್ದು'. ಮತ್ತೊಂದು ಅಪರಾಧ ಎಸಗುವ ಅಥವಾ ಮುಚ್ಚುವ ಉದ್ದೇಶವಿದ್ದರೆ ನ್ಯೂಯಾರ್ಕಿನಲ್ಲಿ ಅದು ಗಂಭೀರ ಅಪರಾಧವಾಗುತ್ತದೆ. 2025ರ ಜನವರಿ 10ರಂದು ನ್ಯಾಯಾಧೀಶರು ಜೈಲು, ದಂಡ ಯಾವುದೂ ಇಲ್ಲದೆ ಪ್ರಕರಣ ಮುಗಿಸಿದರು, ದೋಷನಿರ್ಣಯವನ್ನು ಮಾತ್ರ ಉಳಿಸಿದರು. ಸಂಬಂಧವನ್ನೂ ತಪ್ಪನ್ನೂ ಟ್ರಂಪ್ ನಿರಾಕರಿಸಿದ್ದಾರೆ. ಕನ್ನಡದಲ್ಲಿ ಸರಿಯಾದ ಸಾಲು ಇಷ್ಟೇ: 'ಬಾಯಿ ಮುಚ್ಚಿಸಲು ಕೊಟ್ಟ ಹಣವನ್ನು ಮರೆಮಾಚಲು ಸುಳ್ಳು ಲೆಕ್ಕ ಬರೆಸಿದ ಪ್ರಕರಣ'.

ಇದರ ಪಕ್ಕದಲ್ಲಿ ವಾಟರ್‌ಗೇಟ್ ಇಟ್ಟು ನೋಡಿ. ಅಲ್ಲಿ ಹಣ ಹೋದದ್ದು 1972ರಲ್ಲಿ ವಿರೋಧ ಪಕ್ಷದ ಕಚೇರಿಗೆ ಕಳ್ಳಪ್ರವೇಶ ಮಾಡಿದ ಆರೋಪಿಗಳಿಗೆ, ನ್ಯಾಯಾಲಯದಲ್ಲಿ ಬಾಯಿ ಬಿಡದಿರಲು. ಹತ್ತು ಲಕ್ಷ ಡಾಲರ್ ಬೇಕಾಗಬಹುದು ಎಂಬ ಮಾತು 1973ರ ಮಾರ್ಚ್ 21ರಂದು ಆಗಿನ ಅಧ್ಯಕ್ಷ ನಿಕ್ಸನ್ ಅವರ ಕಚೇರಿಯ ಟೇಪಿನಲ್ಲೇ ಇದೆ. ಅದೇ ರಾತ್ರಿ ಆರೋಪಿ ಹೊವಾರ್ಡ್ ಹಂಟ್ ಅವರ ವಕೀಲರಿಗೆ 75,000 ಡಾಲರ್ ತಲುಪಿತು. ಅದು ನೇರವಾಗಿ ನ್ಯಾಯಕ್ಕೆ ಅಡ್ಡಿ. ಎರಡಕ್ಕೂ ಇಂಗ್ಲಿಷಿನಲ್ಲಿ ಒಂದೇ ಪದ ಬಳಸಿದರೂ, ಒಂದರಲ್ಲಿ ಹಣವೇ ಅಪರಾಧ, ಇನ್ನೊಂದರಲ್ಲಿ ಹಣದ ಲೆಕ್ಕ ಅಪರಾಧ. ಅನುವಾದಿಸುವವರು ಪದಕ್ಕೆ ಪದ ಇಟ್ಟು ಕೈ ತೊಳೆದುಕೊಂಡರೆ ಈ ವ್ಯತ್ಯಾಸ ಓದುಗರಿಗೆ ತಲುಪುವುದಿಲ್ಲ.

ನಮ್ಮ ವೃತ್ತಿಯ ಬಗ್ಗೆಯೂ ಹೇಳಲೇಬೇಕು. 2008ರಲ್ಲಿ ಚೀನಾದ ಶಾಂಕ್ಸಿ ಪ್ರಾಂತದ ಕಲ್ಲಿದ್ದಲು ಗಣಿಯೊಂದರಲ್ಲಿ ಕಾರ್ಮಿಕನೊಬ್ಬ ಸತ್ತಾಗ, ಸುದ್ದಿ ಬರೆಯದಿರಲು ಹಣ ಪಡೆಯಲೆಂದೇ ಅಲ್ಲಿಗೆ ಹೋದವರು ಸಾಲುಗಟ್ಟಿದ್ದರು. ಅವರಲ್ಲಿ ನಿಜವಾದ ಪತ್ರಕರ್ತರೂ ಇದ್ದರು, ಪತ್ರಕರ್ತರ ವೇಷದವರೂ ಇದ್ದರು. ಅಮೆರಿಕದಲ್ಲಿ ಒಂದು ಪತ್ರಿಕಾ ಸಂಸ್ಥೆ, ಟ್ರಂಪ್ ಜೊತೆ ಸಂಬಂಧವಿತ್ತು ಎಂದ ರೂಪದರ್ಶಿ ಕರೆನ್ ಮೆಕ್‌ಡೌಗಲ್ ಅವರ ಕಥೆಯನ್ನು 1,50,000 ಡಾಲರಿಗೆ ಕೊಂಡುಕೊಂಡಿತು, ಪ್ರಕಟಿಸಲಲ್ಲ, ಪ್ರಕಟವಾಗದಂತೆ ಮಾಡಲು. ಈ ಪದ್ಧತಿಗೆ ಕನ್ನಡದಲ್ಲಿ 'ಕೊಂಡು ಹೂಳುವುದು' ಎನ್ನಬಹುದು. ಹಣ ಪಡೆದು ಸುದ್ದಿ ಹಾಕುವುದನ್ನು ನಾವು 'ಕಾಸಿಗಾಗಿ ಸುದ್ದಿ' ಎಂದು ಕರೆದು, ಅದರ ವಿರುದ್ಧ ವರ್ಷಗಟ್ಟಲೆ ಮಾತಾಡಿದ್ದೇವೆ. ಹಣ ಪಡೆದು ಸುದ್ದಿ ಬಿಡುವುದಕ್ಕೆ ಹೆಸರೇ ಇಟ್ಟಿಲ್ಲ. ಜಾಹೀರಾತಿನ ನೆಪದಲ್ಲಿ ಬಂದ ಬಾಯಿಮುಚ್ಚು ಹಣವೂ ಬಾಯಿಮುಚ್ಚು ಹಣವೇ.

ಇನ್ನು ಮೇಜಿನ ಮೇಲೆ ಇಂಥ ಸುದ್ದಿ ಬಂದಾಗ. ಯಾರು ಕೊಟ್ಟರು, ಯಾರಿಗೆ, ಯಾರ ಮೂಲಕ, ಮಾತು ಮೊದಲು ಎತ್ತಿದವರು ಯಾರು ಎಂದು ವರದಿಗಾರರನ್ನು ಕೇಳಿ. ಉತ್ತರ ಸಿಗದಿದ್ದರೆ 'ಹಣ ಕೈ ಬದಲಾಯಿತು ಎಂಬ ಆರೋಪ' ಎಂಬಲ್ಲಿಗೆ ನಿಲ್ಲಿಸಿ. ಆರೋಪ ಆರೋಪವಾಗಿಯೇ ಇರಲಿ, 'ಬಾಯಿ ಮುಚ್ಚಿಸಲು' ಎಂಬ ಉದ್ದೇಶ ಯಾರ ಮಾತು ಎಂಬುದು ಅದೇ ವಾಕ್ಯದಲ್ಲಿ ಬರಲಿ. 'ಮ್ಯಾಟರ್ ಕ್ಲೋಸ್', 'ಸೆಟ್ಲ್‌ಮೆಂಟ್', 'ಮಾತುಕತೆಯಲ್ಲಿ ಮುಗಿಸಿದರು' ಎಂಬವು ಮಧ್ಯಸ್ಥರ ಭಾಷೆ. ಅವನ್ನು ಉದ್ಧರಣ ಚಿಹ್ನೆಯೊಳಗೆ ಮಾತ್ರ ಬಳಸಿ. ಲೈಂಗಿಕ ಅಪರಾಧವಾದರೆ ಹಣದ ಮೊತ್ತ, ಊರು, ಮಧ್ಯಸ್ಥರ ನಂಟು ಇವೆಲ್ಲ ಸೇರಿ ನೊಂದವರ ಗುರುತು ಬಯಲಾಗುತ್ತದೆಯೇ ನೋಡಿ. ಹಾಗೆ ಬಯಲು ಮಾಡುವುದು ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ 2 ವರ್ಷದವರೆಗಿನ ಅಪರಾಧ, ಪೋಕ್ಸೊದ 23ನೇ ಕಲಂ ಬೇರೆ ಇದೆ.

ಮ್ಯಾನ್‌ಹೋಲ್ ಅಥವಾ ಶೌಚಗುಂಡಿ ಸಾವಿನ ವರದಿಗೆ ನಾವು ಕೇಳಿಕೊಳ್ಳುವುದು ನಾಲ್ಕು ವಿವರ. ಎಫ್‌ಐಆರ್ ಆಗಿದೆಯೋ, ಯುಡಿಆರ್ ಮಾತ್ರವೋ, ಅದರ ಸಂಖ್ಯೆ. ಶವಪರೀಕ್ಷೆ ಆಗಿದೆಯೇ, ಎಲ್ಲಿ. 2013ರ ಕಾಯ್ದೆಯ ಕಲಂಗಳು ಎಫ್‌ಐಆರ್‌ನಲ್ಲಿ ಇವೆಯೇ. 30 ಲಕ್ಷ ರೂಪಾಯಿಯ ಆದೇಶ ಯಾರ ಕಚೇರಿಯಿಂದ, ಯಾವ ದಿನ ಹೊರಟಿತು. ಆ ಆದೇಶ ಹೊರಡುವವರೆಗೆ 'ಪರಿಹಾರ' ಎಂಬ ಪದವನ್ನು ತಲೆಬರಹಕ್ಕೆ ತರಬೇಡಿ.

ಇಂತಿ,
ಕಾನೂನು ಮತ್ತು ಸುದ್ದಿ ಅನುವಾದದ ಕೆಲಸದಲ್ಲಿರುವ ಕೆಲವರು